ದೂರದ ಊರಿನ ಭೂಕಂಪ, ನಮ್ಮ ನೆರವು: ಕೊಡುವವರ ಉದ್ದೇಶವನ್ನು ಎಷ್ಟರ ಮಟ್ಟಿಗೆ ಕೆದಕಬೇಕು?

ಕುವೆಂಪುನಗರದ ನಿವೃತ್ತ ಉಪನ್ಯಾಸಕ, ಮೈಸೂರು

ಆತ್ಮೀಯರೇ,

2023ರ ಫೆಬ್ರುವರಿ 6ರಂದು ಟರ್ಕಿ ಮತ್ತು ಸಿರಿಯಾದ ಗಡಿಭಾಗದಲ್ಲಿ ಬೆಳಗಿನ ಜಾವ ನಾಲ್ಕು ಗಂಟೆ ಹದಿನೇಳು ನಿಮಿಷಕ್ಕೆ 7.8 ತೀವ್ರತೆಯ ಭೂಕಂಪವಾಯಿತು. ಅದೇ ಮಧ್ಯಾಹ್ನ ಇನ್ನೊಂದು ಭಾರಿ ಕಂಪನ ಬಂತು. ಟರ್ಕಿಯೊಂದರಲ್ಲೇ 50 ಸಾವಿರಕ್ಕೂ ಹೆಚ್ಚು ಜನ ಸತ್ತರು. ನಮ್ಮ ದೇಶ ‘ಆಪರೇಷನ್ ದೋಸ್ತ್’ ಎಂಬ ಹೆಸರಿನಲ್ಲಿ ಎನ್‌ಡಿಆರ್‌ಎಫ್ ಎಂಬ ವಿಪತ್ತು ರಕ್ಷಣಾ ಪಡೆಯ ತಂಡಗಳನ್ನು, ವಾಸನೆ ಹಿಡಿಯುವ ನಾಯಿಗಳನ್ನು, ಔಷಧಗಳನ್ನು ಕಳುಹಿಸಿತು. ಹತಾಯ್ ಪ್ರಾಂತ್ಯದ ಇಸ್ಕೆಂದೆರುನ್ ಪಟ್ಟಣದಲ್ಲಿ ನಮ್ಮ ಸೇನೆಯ ವೈದ್ಯರು ಕ್ಷೇತ್ರ ಆಸ್ಪತ್ರೆಯನ್ನು ತೆರೆದು ಸಾವಿರಾರು ಗಾಯಾಳುಗಳನ್ನು ನೋಡಿಕೊಂಡರು.

ಎರಡು ವರ್ಷ ಕಳೆಯಿತು. 2025ರ ಮೇ ತಿಂಗಳಲ್ಲಿ ಭಾರತ ಮತ್ತು ಪಾಕಿಸ್ತಾನದ ನಡುವೆ ಸಂಘರ್ಷ ನಡೆದಾಗ ಟರ್ಕಿ ಬಹಿರಂಗವಾಗಿಯೇ ಪಾಕಿಸ್ತಾನದ ಪರ ನಿಂತಿತು. ಪಾಕಿಸ್ತಾನ ಹಾರಿಸಿದ ಡ್ರೋನುಗಳಲ್ಲಿ ಟರ್ಕಿಯವೂ ಇದ್ದವೆಂದು ನಮ್ಮ ಸೇನೆಯ ಪ್ರಾಥಮಿಕ ವರದಿ ಹೇಳಿತು. ಅಂದಿನಿಂದ ನಮ್ಮ ಬಡಾವಣೆಯಲ್ಲಿ, ಬಂಧುಗಳ ಮನೆಗಳಲ್ಲಿ, ಹಣ್ಣಿನ ಅಂಗಡಿಯ ಮುಂದೆ ಕೂಡ ನಾನು ಕೇಳುತ್ತಿರುವುದು ಒಂದೇ ಮಾತು: ‘ಹಾವಿಗೆ ಹಾಲೆರೆದೆವು, ಅಂದು ಕಳುಹಿಸಲೇಬಾರದಿತ್ತು.’ ಹೀಗೆ ಹೇಳುವವರು ಕೆಟ್ಟವರಲ್ಲ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ರಾತ್ರಿಯೆಲ್ಲ ಎಚ್ಚರವಿದ್ದು ಲಾರಿಗಳಿಗೆ ಅಕ್ಕಿ ತುಂಬಿಸಿದವರೂ ಇವರಲ್ಲಿದ್ದಾರೆ. ಆದ್ದರಿಂದಲೇ ಈ ಮಾತನ್ನು ತಳ್ಳಿಹಾಕದೆ, ಇಲ್ಲಿ ನಿಮ್ಮೆಲ್ಲರ ಮುಂದೆ ಇಟ್ಟು ವಿಚಾರ ಮಾಡಬೇಕೆನ್ನಿಸಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಂದು ಕಳುಹಿಸಿದ್ದು ಸರಿ. ಇಂದು ಟರ್ಕಿಯ ಸರ್ಕಾರದೊಂದಿಗೆ ನಿಷ್ಠುರವಾಗಿ ನಡೆದುಕೊಂಡರೆ ಅದೂ ಸರಿಯಿರಬಹುದು. ಇವೆರಡೂ ಬೇರೆ ಬೇರೆ ಲೆಕ್ಕಗಳು. ನೆರವು ಕೊಡುವಲ್ಲಿ ಒಂದು ದೇಶದ ಜನರಿರುತ್ತಾರೆ, ಆ ದೇಶದ ಸರ್ಕಾರವೂ ಇರುತ್ತದೆ. ಜನರ ಕರುಣೆ ನಿಜವಾದದ್ದು. ಸರ್ಕಾರದ ಉದ್ದೇಶ ಬಹುಪಾಲು ಬೆರಕೆಯದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದಾಗಲೇ ನಮ್ಮ ತೀರ್ಮಾನ ತಪ್ಪುತ್ತದೆ.

ಇದಕ್ಕೆ ನಮ್ಮ ನೆಲದ ಚರಿತ್ರೆಯೇ ಸಾಕ್ಷಿ. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ, ಬ್ರಿಟಿಷ್ ಕಮಿಷನರರ ನೇರ ಆಡಳಿತದಲ್ಲಿದ್ದ ಮೈಸೂರು ಸಂಸ್ಥಾನವು ತನ್ನ ಜನರಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಕಳೆದುಕೊಂಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಆಗ ಲಂಡನ್ನಿನ ಮೇಯರರ ನೇತೃತ್ವದಲ್ಲಿ ಮ್ಯಾನ್ಶನ್ ಹೌಸ್ ನಿಧಿ ಸ್ಥಾಪನೆಯಾಗಿ, ದಕ್ಷಿಣ ಭಾರತವನ್ನು ನಕ್ಷೆಯಲ್ಲೂ ಕಂಡಿರದ ಇಂಗ್ಲೆಂಡಿನ ಸಾಮಾನ್ಯ ಜನ ಲಕ್ಷಾಂತರ ಪೌಂಡು ಕೊಟ್ಟರು. ಅದೇ ಕಾಲದಲ್ಲಿ ವೈಸರಾಯ್ ಲಿಟ್ಟನ್ನರ ಸರ್ಕಾರವು ಪರಿಹಾರ ಕಾಮಗಾರಿಗಳ ಕೂಲಿಯನ್ನು ಕಡಿತಗೊಳಿಸಲು ನೋಡುತ್ತಿತ್ತು, ಭಾರತದ ಬಂದರುಗಳಿಂದ ಧಾನ್ಯ ಹೊರದೇಶಕ್ಕೆ ಸಾಗುತ್ತಲೇ ಇತ್ತು. ಆ ನಿಧಿಗೆ ಒಂದು ಶಿಲಿಂಗ್ ಕೊಟ್ಟ ಲ್ಯಾಂಕಶೈರಿನ ಗಿರಣಿ ಕೂಲಿಯವನನ್ನು ಲಿಟ್ಟನ್ನರ ಪಾಪಕ್ಕೆ ಹೊಣೆ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಹಾಗೆಯೇ ಆ ಶಿಲಿಂಗನ್ನು ತೋರಿಸಿ ಲಿಟ್ಟನ್ನರನ್ನು ಕ್ಷಮಿಸುವುದಕ್ಕೂ ಆಗುವುದಿಲ್ಲ.

ನಿಮ್ಮ ವಿಚಾರಗಳನ್ನು ಬರೆಯಬೇಕಾಗಿ ಕೋರುತ್ತೇನೆ.

ನಿವೃತ್ತ ಸುಬೇದಾರ್, ಶ್ರೀರಂಗಪಟ್ಟಣ

ಮೇಷ್ಟ್ರಿಗೆ ನಮಸ್ಕಾರ. ತಾವು ಬರೆದದ್ದರಲ್ಲಿ ಅರ್ಧವನ್ನು ಒಪ್ಪುತ್ತೇನೆ. ಸರ್ಕಾರದ ಉದ್ದೇಶ ಬೆರಕೆಯದ್ದು ಎಂದಿರಲ್ಲ, ಅದನ್ನು ಕಳಂಕವೆಂಬ ಹಾಗೆ ಹೇಳಿದಿರೆಂದು ನನಗೆ ಅನ್ನಿಸಿತು. ಸೇನೆಯಲ್ಲಿ ದುಡಿದವನಾಗಿ ನಾನು ಅದನ್ನು ಹಾಗೆ ನೋಡುವುದಿಲ್ಲ.

2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ನಮ್ಮ ತಮಿಳುನಾಡು, ಅಂಡಮಾನ್ ತೀರಗಳಲ್ಲೇ ಸಾವಿರಾರು ಹೆಣ ಬಿದ್ದಿದ್ದವು. ಆದರೂ ಅಂದೇ ನಮ್ಮ ನೌಕಾಪಡೆಯ ವಿಮಾನಗಳು ಶ್ರೀಲಂಕಾ ಮುಟ್ಟಿದವು. ಮುಂದೆ ಮಾಲ್ಡೀವ್ಸ್ ಮತ್ತು ಇಂಡೋನೇಷ್ಯಾಕ್ಕೂ ಹಡಗುಗಳು ಹೋದವು. ಅದೇ ಸಮಯದಲ್ಲಿ ನಮ್ಮ ಸರ್ಕಾರವು ತನಗೆ ಬಂದ ವಿದೇಶಿ ನೆರವನ್ನು ಬೇಡವೆಂದಿತು. ನಮ್ಮದನ್ನು ನಾವೇ ನಿಭಾಯಿಸಿಕೊಳ್ಳಬಲ್ಲೆವು, ಬೇಕಾದರೆ ಕೇಳುತ್ತೇವೆ ಎಂದು ಪ್ರಧಾನಿ ಮನಮೋಹನ್ ಸಿಂಗ್ ಹೇಳಿದರು. ಅಮೆರಿಕ, ಜಪಾನ್, ಆಸ್ಟ್ರೇಲಿಯಾಗಳ ಜೊತೆ ಭಾರತವೂ ಸೇರಿ ನೆರವಿನ ಹೊಂದಾಣಿಕೆಗೆಂದು ಒಂದು ಗುಂಪಾಯಿತು. ಇಂದು ‘ಕ್ವಾಡ್’ ಎಂದು ಕರೆಯುವ ಕೂಟದ ಬೇರು ಅಲ್ಲಿದೆ. ಇದರಲ್ಲಿ ಶಕ್ತಿ ಪ್ರದರ್ಶನವಿತ್ತೇ ಎಂದರೆ, ಇತ್ತು. ಹಿಂದೂ ಮಹಾಸಾಗರದಲ್ಲಿ ಕಷ್ಟ ಬಂದರೆ ಮೊದಲು ಬರುವವರು ನಾವು ಎಂದು ತೋರಿಸುವ ಉದ್ದೇಶವಿತ್ತು. ಆದರೆ ಹಾಗೆ ತೋರಿಸಬೇಕಾದರೆ ನಿಜವಾಗಿಯೂ ಮೊದಲು ಹೋಗಲೇಬೇಕು, ನೀರು, ಔಷಧ ಇಳಿಸಲೇಬೇಕು. ಅಲ್ಲಿ ಬಾಯಾರಿ ಕುಳಿತವನಿಗೆ ನೀರು ಸಿಕ್ಕಿತೋ ಇಲ್ಲವೋ ಎಂಬುದು ನನಗೆ ಮುಖ್ಯ.

ಟರ್ಕಿಯ ವಿಷಯಕ್ಕೆ ಬಂದರೆ, ಅಂದು ಹೋದ ಹುಡುಗರ ಬಗ್ಗೆ ನನಗೆ ಹೆಮ್ಮೆಯಿದೆ. ಗಾಝಿಯಾಂಟೆಪ್ ಕಡೆಯಲ್ಲಿ ಎನ್‌ಡಿಆರ್‌ಎಫ್‌ನ ಜೂಲಿ ಎಂಬ ನಾಯಿ ಅವಶೇಷದ ನಡುವೆ ಜೀವವಿರುವ ಸುಳಿವು ಕೊಟ್ಟಿತು, ನಮ್ಮವರು ಆರು ವರ್ಷದ ಹೆಣ್ಣುಮಗುವನ್ನು ಬದುಕಿಸಿ ಹೊರತೆಗೆದರು. ಆ ಮಗುವನ್ನು ಅಲ್ಲೇ ಬಿಡಬೇಕಿತ್ತೆಂದು ಯಾರೂ ಬಾಯಿಬಿಟ್ಟು ಹೇಳಲಾರರು. ಆದರೂ ನನ್ನೊಳಗೆ ಒಂದು ನೋವಿದೆ ಮೇಷ್ಟ್ರೇ, ಅದನ್ನು ಮುಚ್ಚಿಡುವುದಿಲ್ಲ. ಉಪಕಾರ ಪಡೆದವರು ನಮ್ಮ ಸೈನಿಕರ ಮೇಲೆ ಪ್ರಯೋಗಿಸುವ ಆಯುಧವನ್ನು ವೈರಿಗೆ ಮಾರುವಾಗ, ಅದನ್ನು ಸುಮ್ಮನೆ ಬೇರೆ ಲೆಕ್ಕವೆಂದು ಬದಿಗಿಡುವುದು ಕುಳಿತಲ್ಲಿಂದ ಹೇಳಿದಷ್ಟು ಸುಲಭವಲ್ಲ.

ಪಾಂಡವಪುರ ತಾಲ್ಲೂಕಿನ ರೈತ

ಮೇಷ್ಟ್ರಿಗೂ ಸುಬೇದಾರರಿಗೂ ನಮಸ್ಕಾರಗಳು. ನೆರವು ತೆಗೆದುಕೊಂಡವರ ಕಡೆಯಿಂದ ಯಾರಾದರೂ ಮಾತನಾಡಬೇಕಲ್ಲ, ಅದಕ್ಕಾಗಿ ಬರೆಯುತ್ತಿದ್ದೇನೆ.

ನಾನು ಓದಿದ್ದು ಊರಿನ ಸರ್ಕಾರಿ ಶಾಲೆಯಲ್ಲಿ. ನನ್ನ ಓರಗೆಯವರಿಗೆಲ್ಲ ಕೇರ್ ಉಪ್ಪಿಟ್ಟು, ಅಂದರೆ ಅಮೆರಿಕದ ‘ಕೇರ್’ ನೆರವು ಸಂಸ್ಥೆಯ ಹೆಸರಿನ ಉಪ್ಪಿಟ್ಟು, ನೆನಪಿದೆ. ಹಳದಿ ಬಣ್ಣದ ಆ ಹಿಟ್ಟನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ, ಮೇಲೆ ಎಣ್ಣೆ ಸುರಿದು, ಮುತ್ತುಗದ ಎಲೆಯ ಮೇಲೆ ಬಡಿಸುತ್ತಿದ್ದರು; ಮನೆಯ ರಾಗಿಮುದ್ದೆ ತಿಂದು ಬೆಳೆದ ನಮಗೆ ಅದರ ವಾಸನೆ ಮೊದಮೊದಲು ಹಿಡಿಸದಿದ್ದರೂ, ಮನೆಯಲ್ಲಿ ಒಲೆ ಹಚ್ಚದ ದಿನಗಳಲ್ಲಿ ಅದೇ ನಮ್ಮ ಊಟ. ಎಣ್ಣೆಯ ಡಬ್ಬಿಗಳ ಮೇಲೆ ಎರಡು ಕೈಗಳು ಒಂದನ್ನೊಂದು ಹಿಡಿದ ಚಿತ್ರವಿರುತ್ತಿತ್ತು. ಖಾಲಿ ಡಬ್ಬಿಯನ್ನು ಮೇಷ್ಟ್ರನ್ನು ಕೇಳಿ ಮನೆಗೆ ತಂದರೆ ಅವ್ವ ಅದರಲ್ಲಿ ಹುರುಳಿ ತುಂಬಿಡುತ್ತಿದ್ದಳು. ಆ ಕೈಗಳಲ್ಲಿ ಒಂದು ನಮ್ಮದೆಂದು ನಾವು ತಿಳಿದಿದ್ದೆವು.

ದೊಡ್ಡವನಾದ ಮೇಲೆ ಅದರ ಹಿಂದಿನ ಕಥೆ ಓದಿದೆ. 1954ರಲ್ಲಿ ಅಮೆರಿಕ ಮಾಡಿದ ಪಿಎಲ್-480 ಎಂಬ ಕಾಯಿದೆ ಮೊದಲು ಹುಟ್ಟಿದ್ದೇ ಅಲ್ಲಿನ ರೈತರ ಉಗ್ರಾಣಗಳಲ್ಲಿ ಕೊಳೆಯುತ್ತಿದ್ದ ಹೆಚ್ಚುವರಿ ಗೋಧಿಯನ್ನು ಸಾಗಹಾಕುವುದಕ್ಕೆ. 1965, 66ರಲ್ಲಿ ಮಳೆ ಕೈಕೊಟ್ಟಾಗ ಭಾರತ ಒಂದೇ ವರ್ಷದಲ್ಲಿ ಸುಮಾರು ಒಂದು ಕೋಟಿ ಟನ್ ಧಾನ್ಯ ತರಿಸಿಕೊಳ್ಳಬೇಕಾಯಿತು. ಆಗ ಅಧ್ಯಕ್ಷ ಲಿಂಡನ್ ಜಾನ್ಸನ್ ವರ್ಷದ ಒಪ್ಪಂದ ಬಿಟ್ಟು, ತಿಂಗಳು ತಿಂಗಳಿಗೆ ಇಷ್ಟಿಷ್ಟೇ ಎಂದು ಹಡಗುಗಳನ್ನು ಬಿಡುತ್ತಿದ್ದರು. ನಮ್ಮ ಕೃಷಿನೀತಿ ಬದಲಾಗಬೇಕೆಂಬ ಒತ್ತಾಯವೂ ಅದರಲ್ಲಿತ್ತು, ವಿಯೆಟ್ನಾಂ ಯುದ್ಧದ ಬಗ್ಗೆ ಇಂದಿರಾ ಗಾಂಧಿಯವರ ಸರ್ಕಾರ ಆಡಿದ ಮಾತಿನ ಸಿಟ್ಟೂ ಇತ್ತು. ಹಸಿದವನ ತಟ್ಟೆಯನ್ನು ಮುಂದೆ ಹಿಡಿದು ಹಿಂದೆ ಎಳೆದರೆ ಅವನಿಗೆ ಆಗುವ ಅವಮಾನವನ್ನು ಯಾವ ಕೃತಜ್ಞತೆಯೂ ತೊಡೆಯುವುದಿಲ್ಲ. ಆ ಅವಮಾನವೇ ಅಂದಿನ ಕೃಷಿ ಸಚಿವ ಸಿ. ಸುಬ್ರಮಣ್ಯಂ ಅವರಂಥವರನ್ನು ಬಡಿದೆಬ್ಬಿಸಿತು. ಮೆಕ್ಸಿಕೋದ ಗಿಡ್ಡ ಗೋಧಿ ತಳಿಯ ಬೀಜ ಹಡಗುಗಟ್ಟಲೆ ಬಂತು, ನಾವು ನಮ್ಮ ಅನ್ನವನ್ನು ನಾವೇ ಬೆಳೆದುಕೊಳ್ಳುವಂತಾಯಿತು. ಗೋಧಿಯ ಬೆಲೆಯಾಗಿ ರೂಪಾಯಿಯಲ್ಲಿ ಕಟ್ಟಿದ್ದ ಹಣದ ದೊಡ್ಡ ಪಾಲನ್ನು 1974ರಲ್ಲಿ ಅಮೆರಿಕ 1,664 ಕೋಟಿ ರೂಪಾಯಿಯ ಒಂದೇ ಚೆಕ್ಕಿನಲ್ಲಿ ಹಿಂದಿರುಗಿಸಿತೆಂಬುದನ್ನೂ ಹೇಳಬೇಕು. ಆ ಧರ್ಮವನ್ನು ನಾನು ಮರೆಯುವುದಿಲ್ಲ.

ಆ ಗೋಧಿಯ ಜೊತೆಗೆ ಪಾರ್ಥೇನಿಯಂ ಬೀಜವೂ ಬಂತೆಂದು ಕೃಷಿ ವಿಜ್ಞಾನಿಗಳು ಬಹುಕಾಲದಿಂದ ಹೇಳುತ್ತಾ ಬಂದಿದ್ದಾರೆ. 1950ರ ದಶಕದಲ್ಲಿ ಪುಣೆಯ ಬಳಿ ಕಣ್ಣಿಗೆ ಬಿದ್ದ ಈ ಕಳೆ ಇಂದು ನಮ್ಮ ನಾಲೆಯ ಏರಿ, ಬದು, ಹಾಳುಬಿದ್ದ ಆಲೆಮನೆಯ ಅಂಗಳ ಎಲ್ಲವನ್ನೂ ಆವರಿಸಿದೆ. ಕಿತ್ತರೆ ಮೈ ತುರಿಕೆ, ಬಿಟ್ಟರೆ ಹೂವಿನ ಪುಡಿಗೆ ಉಬ್ಬಸ. ಅದನ್ನು ತಿನ್ನುವ ದುಂಬಿಯನ್ನು ಮೆಕ್ಸಿಕೋದಿಂದಲೇ ತರಿಸಿ 1984ರಲ್ಲಿ ಬೆಂಗಳೂರಿನ ಸುತ್ತ ಬಿಟ್ಟರು. ಮಳೆಗಾಲದಲ್ಲಿ ಆ ಪಟ್ಟೆ ದುಂಬಿಗಳು ಎಲೆ ಮೇಯುವುದನ್ನು ಈಗಲೂ ನಮ್ಮ ಹೊಲದಲ್ಲಿ ನೋಡುತ್ತೇನೆ.

ನಮ್ಮದು ಭತ್ತದ ನಾಡಾದ್ದರಿಂದ ಹೈಟಿಯ ಕಥೆ ನನ್ನನ್ನು ಹೆಚ್ಚು ಕಾಡುತ್ತದೆ. ಆ ಪುಟ್ಟ ದೇಶ ಒಂದು ಕಾಲಕ್ಕೆ ತನ್ನ ಅಕ್ಕಿಯನ್ನು ತಾನೇ ಬೆಳೆಯುತ್ತಿತ್ತು. 1990ರ ದಶಕದಲ್ಲಿ ಹೊರಗಿನವರ ಒತ್ತಾಯಕ್ಕೆ ಮಣಿದು ಅಕ್ಕಿಯ ಮೇಲಿನ ಆಮದು ಸುಂಕವನ್ನು ಶೇ 3ಕ್ಕೆ ಇಳಿಸಿತು. ಅಮೆರಿಕ ಸರ್ಕಾರದ ಸಹಾಯಧನ ಪಡೆದು ಬೆಳೆದ ಅಗ್ಗದ ಅಕ್ಕಿ ಬಂದು ಬಿತ್ತು. ಆರ್ತಿಬೊನೀತ್ ಕಣಿವೆಯ ರೈತರು ಗದ್ದೆ ಬಿಟ್ಟು ರಾಜಧಾನಿ ಪೋರ್ತೊಪ್ರಾನ್ಸಿನ ಕೊಳೆಗೇರಿ ಸೇರಿದರು. 2010ರ ಜನವರಿ 12ರಂದು ಭೂಮಿ ನಡುಗಿದಾಗ ಆ ನಗರದ ಕಿಕ್ಕಿರಿದ ಕಳಪೆ ಮನೆಗಳಡಿ ಸಿಕ್ಕಿ ಸತ್ತವರಲ್ಲಿ ಹೀಗೆ ಗದ್ದೆ ಬಿಟ್ಟು ಬಂದವರೂ ಇದ್ದರು. ಆಮೇಲೆ ಮತ್ತೆ ಹಡಗುಗಳಲ್ಲಿ ಉಚಿತ ಅಕ್ಕಿ ಹೋಯಿತು. ಅದೇ ವರ್ಷ ಮಾರ್ಚಿನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ತಮ್ಮ ದೇಶದ ಸೆನೆಟ್ ಸಮಿತಿಯ ಮುಂದೆ, ಈ ನೀತಿ ತಮ್ಮ ಅರ್ಕನ್ಸಾದ ಕೆಲವು ರೈತರಿಗೆ ಒಳ್ಳೆಯದು ಮಾಡಿರಬಹುದು, ಆದರೆ ಅದು ತಪ್ಪು, ಹೈಟಿಯವರು ತಮ್ಮ ಅನ್ನ ತಾವು ಬೆಳೆಯುವ ಶಕ್ತಿ ಕಳೆದುಕೊಂಡದ್ದರ ಹೊಣೆಯೊಡನೆ ನಾನು ದಿನವೂ ಬದುಕಬೇಕಾಗಿದೆ ಎಂಬರ್ಥದ ಮಾತುಗಳನ್ನು ಹೇಳಿದರು.

ಸುಬೇದಾರರ ನೋವು ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಕಡೆ ಮದುವೆಯ ಚಪ್ಪರದಲ್ಲಿ ಮುಯ್ಯಿ ಬರೆಯಲು ಒಬ್ಬರು ಪುಸ್ತಕ ಹಿಡಿದು ಕೂರುತ್ತಾರಲ್ಲ, ಯಾರು ಎಷ್ಟು ಹಾಕಿದರೋ ಅಷ್ಟನ್ನು ಅವರ ಮನೆಯ ಮದುವೆಯಲ್ಲಿ ತೀರಿಸಬೇಕೆಂದು. ಅದು ಮದುವೆಗೆ ಸರಿ. ಸಾವಿನ ಮನೆಗೆ ಹೋಗುವವರು ಆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋಗುವುದಿಲ್ಲ. ಭೂಕಂಪವಾದ ಊರು ಸಾವಿನ ಮನೆ.

ವಿಜಯನಗರದ ಐಟಿ ಉದ್ಯೋಗಿ, ಮೈಸೂರು

ಎಲ್ಲ ಹಿರಿಯರಿಗೂ ನಮಸ್ಕಾರ. ಸರ್ಕಾರಗಳ ಉದ್ದೇಶವನ್ನು ಕುರಿತು ನೀವು ಬರೆಯುತ್ತಿದ್ದೀರಿ. ನನ್ನನ್ನು ಕಾಡುತ್ತಿರುವುದು ನನ್ನಂಥವರ ಉದ್ದೇಶ.

ಟರ್ಕಿಯ ಭೂಕಂಪದ ವಾರದಲ್ಲಿ ಒಂದು ಛಾಯಾಚಿತ್ರ ಎಲ್ಲ ಕಡೆ ಬಂದಿತ್ತು. ಕುಸಿದ ಮಹಡಿಯ ಕೆಳಗಿನ ಹಾಸಿಗೆಯಿಂದ ಹೊರಚಾಚಿದ ಮಗಳ ಕೈಯನ್ನು ತಂದೆಯೊಬ್ಬ ಚಳಿಯಲ್ಲಿ ಹಿಡಿದು ಕುಳಿತಿದ್ದ ಚಿತ್ರ. ಅದನ್ನು ನೋಡಿ ಅತ್ತೆ, ಕೂಡಲೇ ಫೋನಿನಲ್ಲೇ ಹಣ ಕಳುಹಿಸಿದೆ, ಕಳುಹಿಸಿದ ಮೇಲೆ ಎದೆ ಹಗುರವಾಯಿತು. ಅದೇ ವರ್ಷದ ಅಕ್ಟೋಬರ್ 7ರಂದು ಅಫ್ಗಾನಿಸ್ತಾನದ ಹೆರಾತ್ ಪ್ರಾಂತ್ಯದಲ್ಲಿ ಭೂಕಂಪವಾಗಿ ಸುಮಾರು ಒಂದೂವರೆ ಸಾವಿರ ಜನ ಸತ್ತರು. ಹಗಲು ಮಣ್ಣಿನ ಮನೆಗಳೊಳಗೆ ಇದ್ದವರು ಹೆಂಗಸರು, ಮಕ್ಕಳಾದ್ದರಿಂದ ಸತ್ತವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಅವರೇ ಎಂದು ವಿಶ್ವಸಂಸ್ಥೆಯ ಅಧಿಕಾರಿಗಳು ಹೇಳಿದರು. ಅಂದೇ ಇಸ್ರೇಲಿನ ಮೇಲೆ ಹಮಾಸ್ ದಾಳಿ ನಡೆದದ್ದರಿಂದ ಜಗತ್ತಿನ ಕಣ್ಣು ಆ ಕಡೆ ತಿರುಗಿತು. ಹೆರಾತಿನ ಯಾವ ಚಿತ್ರವೂ ನನ್ನ ಕಣ್ಣಿಗೆ ಬೀಳಲಿಲ್ಲ, ನಾನು ಒಂದು ರೂಪಾಯಿಯನ್ನೂ ಕೊಡಲಿಲ್ಲ.

ಹಾಗಾದರೆ ನಾನು ಕೊಟ್ಟದ್ದು ಅಲ್ಲಿನವರ ಕಷ್ಟಕ್ಕೋ, ನನ್ನ ಎದೆಯ ಭಾರ ಇಳಿಸಿಕೊಳ್ಳುವುದಕ್ಕೋ? ಮೇಷ್ಟ್ರೇ, ಜನರ ಕರುಣೆ ನಿಜವಾದದ್ದೆಂದು ನೀವು ಬರೆದಿದ್ದೀರಿ. ನಿಜವೇ ಇರಬಹುದು, ಆದರೆ ಅದಕ್ಕೆ ಯಾರೋ ತೋರಿಸಿದ ಕಡೆ ಮಾತ್ರ ಕಣ್ಣಿದೆ.

ಮಂಡ್ಯದ ವೈದ್ಯೆ

ತಂಗಿ, ಎದೆಯ ಭಾರ ಇಳಿಸಿಕೊಳ್ಳಲು ಕೊಟ್ಟ ಹಣದಿಂದಲೂ ಆ್ಯಂಟಿಬಯೋಟಿಕ್ ಕೊಳ್ಳಬಹುದು. ಆ ವಿಚಾರದಲ್ಲಿ ನಿಮ್ಮನ್ನು ನೀವು ಅಷ್ಟು ಹಿಂಸಿಸಿಕೊಳ್ಳಬೇಡಿ. ವೈದ್ಯಳಾಗಿ ನಾನು ಕೇಳುವ ಪ್ರಶ್ನೆ ಬೇರೆ: ಅಲ್ಲಿ ಏನು ಬೇಕಿತ್ತು, ಕಳುಹಿಸಿದ್ದೇನು, ಅದನ್ನು ತೀರ್ಮಾನಿಸಿದವರು ಯಾರು?

2018ರ ಆಗಸ್ಟಿನಲ್ಲಿ ಕೊಡಗಿನ ಒಂದು ಪರಿಹಾರ ಕೇಂದ್ರದಲ್ಲಿ ಕೆಲಸ ಮಾಡಿದ್ದೆ. ಮೈಸೂರು, ಮಂಡ್ಯ, ಬೆಂಗಳೂರುಗಳಿಂದ ಬಂದ ಲಾರಿಗಳು ಸುರಿದ ಬಟ್ಟೆಯ ಗಂಟುಗಳು ಜಗಲಿಯ ಉದ್ದಕ್ಕೂ ಆಳೆತ್ತರ ಬಿದ್ದಿದ್ದವು. ಮಳೆಯ ಇರಚಲಿಗೆ ಕೆಳಗಿನ ಗಂಟುಗಳು ನೆನೆದು ಮುಗ್ಗಲು ವಾಸನೆ ಬರುತ್ತಿತ್ತು. ಬಿಚ್ಚಿ ನೋಡಿದರೆ ಜರಿ ಕಿತ್ತ ಸೀರೆಗಳು, ಗುಂಡಿಯಿಲ್ಲದ ಅಂಗಿಗಳು, ಒಂಟಿ ಬೂಟು. ಅದೇ ಜಗಲಿಯ ತುದಿಯಲ್ಲಿ ಕುಳಿತಿದ್ದ ಹೆಂಗಸರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಮಾತಿನಲ್ಲಿ ಕೇಳಿದ್ದು ಒಳ ಉಡುಪು ಮತ್ತು ಸ್ಯಾನಿಟರಿ ಪ್ಯಾಡುಗಳನ್ನು. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜನಿಗೆ ಇನ್ಸುಲಿನ್ ಬೇಕಿತ್ತು, ತಂದರೆ ಇಡಲು ತಂಪು ಪೆಟ್ಟಿಗೆಯಿರಲಿಲ್ಲ. ಕಳುಹಿಸಿದವರ ಮನಸ್ಸಿನಲ್ಲಿ ಕೆಟ್ಟ ಉದ್ದೇಶ ಎಳ್ಳಷ್ಟೂ ಇರಲಿಲ್ಲ. ಹಾಗಿದ್ದೂ ಆ ಗಂಟುಗಳನ್ನು ವಿಂಗಡಿಸಲು ಸ್ವಯಂಸೇವಕರ ಎಷ್ಟೋ ಹೊತ್ತು ಹಾಳಾಯಿತು. ಇದಕ್ಕೆ ಹೋಲಿಸಿದರೆ ನೆರೆ ಬಂದಾಗಲೆಲ್ಲ ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಸಿದ್ಧಪಡಿಸುವ, ಬಿಸಿ ಮಾಡದೆಯೂ ತಿನ್ನಬಹುದಾದ, ಕೆಲವು ದಿನ ಕೆಡದೆ ಉಳಿಯುವ ಆಹಾರದ ಪೊಟ್ಟಣಗಳು ಎಷ್ಟೋ ಮೇಲು. ಒಲೆ, ಪಾತ್ರೆ, ಶುದ್ಧ ನೀರು ಯಾವುದೂ ಇಲ್ಲದವರನ್ನು ಎದುರಿಗಿಟ್ಟುಕೊಂಡು ಯೋಚಿಸಿ ಮಾಡಿದ್ದು ಅವು.

ಭೂಕಂಪದಲ್ಲಿ ಬದುಕಿ ಹೊರಬರುವವರಲ್ಲಿ ಬಹುಪಾಲು ಮಂದಿಯನ್ನು ಮೊದಲ ಕೆಲವು ಗಂಟೆಗಳಲ್ಲಿ ಹೊರಗೆಳೆಯುವವರು ಅಕ್ಕಪಕ್ಕದ ಮನೆಯವರೇ. ವಿದೇಶದ ತಂಡ ತಲುಪುವಷ್ಟರಲ್ಲಿ ಸಾಮಾನ್ಯವಾಗಿ ಒಂದೆರಡು ದಿನ ಕಳೆದಿರುತ್ತದೆ. ಆಗ ಅತಿಮುಖ್ಯವಾಗುವುದು ಮೂಳೆ ಶಸ್ತ್ರಚಿಕಿತ್ಸೆ ಮತ್ತು ಡಯಾಲಿಸಿಸ್. ಗಂಟೆಗಟ್ಟಲೆ ಅವಶೇಷದಡಿ ಒತ್ತಡಕ್ಕೆ ಸಿಕ್ಕ ಸ್ನಾಯುಗಳು ನಾಶವಾಗಿ, ಭಾರ ಎತ್ತಿದ ಕೂಡಲೇ ಅವುಗಳ ವಿಷಾಂಶವು ರಕ್ತಕ್ಕೆ ನುಗ್ಗಿ ಮೂತ್ರಪಿಂಡ ಕೆಲಸ ನಿಲ್ಲಿಸುತ್ತದೆ. ನಗುತ್ತಾ ಹೊರಬಂದವರು ಮರುದಿನ ಸಾಯುವುದು ಹೀಗೆ. ಆದ್ದರಿಂದ ಇಸ್ಕೆಂದೆರುನ್‌ನಲ್ಲಿ ಶಸ್ತ್ರಚಿಕಿತ್ಸೆಯ ಕೊಠಡಿ, ಎಕ್ಸ್‌ರೇ ಸಮೇತ ನಮ್ಮ ಸೇನೆಯ ಆಸ್ಪತ್ರೆ ನಿಂತದ್ದನ್ನು ನಾನು ಒಳ್ಳೆಯ ನೆರವೆಂದು ಕರೆಯುತ್ತೇನೆ, ಅದನ್ನು ಕಳುಹಿಸಿದ ದೆಹಲಿಯ ಲೆಕ್ಕಾಚಾರ ಏನೇ ಇರಲಿ.

ಸದುದ್ದೇಶವಷ್ಟೇ ಸಾಲದು ಎಂಬುದಕ್ಕೆ ಹೈಟಿಯದ್ದೇ ಇನ್ನೊಂದು ಕಥೆ ಇದೆ. 2010ರ ಅಕ್ಟೋಬರಿನಲ್ಲಿ ಅಲ್ಲಿ ಕಾಲರಾ ಕಾಣಿಸಿಕೊಂಡಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರವೊಂದರ ಶೌಚದ ಕೊಳಕು ಆರ್ತಿಬೊನೀತ್ ನದಿಯನ್ನು ಕೂಡುವ ಹೊಳೆಗೆ ಸೇರಿದ್ದೇ ಅದಕ್ಕೆ ಮೂಲವೆಂದು ತಜ್ಞರು ಗುರುತಿಸಿದರು. ಸುಮಾರು 10 ಸಾವಿರ ಜನ ಸತ್ತರು. ವಿಶ್ವಸಂಸ್ಥೆ ತನ್ನ ಪಾಲಿನ ಹೊಣೆಯನ್ನು ಬಾಯಿಬಿಟ್ಟು ಹೇಳಿ ಕ್ಷಮೆ ಕೇಳಿದ್ದು 2016ರಲ್ಲಿ. ಬೇರೆ ಯಾವುದಕ್ಕಿಂತ ಈ ಆರು ವರ್ಷಗಳ ಮೌನ ನನ್ನಲ್ಲಿ ಸಿಟ್ಟು ಹುಟ್ಟಿಸುತ್ತದೆ.

ಪಿರಿಯಾಪಟ್ಟಣದ ಶಾಲಾ ಶಿಕ್ಷಕಿ

ನಮ್ಮ ತಾಲ್ಲೂಕಿನಲ್ಲಿ ಟಿಬೆಟನ್ ನಿರಾಶ್ರಿತರು ನೆಲೆಸಿರುವ ಬೈಲುಕುಪ್ಪೆಯ ವಿಷಯವನ್ನು ಇಲ್ಲಿ ಹೇಳಬೇಕೆನ್ನಿಸಿತು. 2025ರ ಜನವರಿ 7ರಂದು ಟಿಬೆಟ್ಟಿನ ಡಿಂಗ್ರಿ ಪ್ರದೇಶದಲ್ಲಿ ಭೂಕಂಪವಾಗಿ 126 ಜನ ಸತ್ತರೆಂದು ಚೀನಾ ಪ್ರಕಟಿಸಿತು. ಅದು ಶಿಗಾತ್ಸೆಯ ಕಡೆಯ ನಾಡು. ಶಿಗಾತ್ಸೆಯ ತಾಶಿ ಲುನ್ಪೊ ಮಠವನ್ನೇ ಮರುಸ್ಥಾಪಿಸಿದ ಮಠ ಬೈಲುಕುಪ್ಪೆಯಲ್ಲಿದೆ. ಆ ದಿನಗಳಲ್ಲಿ ದಲೈ ಲಾಮಾ ಅವರು ಇಲ್ಲಿಯೇ ಇದ್ದರು. ಮಠದಲ್ಲಿ ಸತ್ತವರಿಗಾಗಿ ಪ್ರಾರ್ಥನೆ ನಡೆಸಿದರು. ಇದು ಪ್ರಕೃತಿಯ ವಿಕೋಪ, ರಾಜಕೀಯದಿಂದ ಆದದ್ದಲ್ಲ, ಆದ್ದರಿಂದ ಚೀನಾದ ಅಧಿಕಾರಿಗಳ ಮೇಲೆ ಸಿಟ್ಟಾಗಲು ಕಾರಣವಿಲ್ಲ ಎಂಬರ್ಥದಲ್ಲಿ ಅವರು ಮಾತನಾಡಿದರು. ಮೇಷ್ಟ್ರು ಹೇಳಿದ ಎರಡು ಲೆಕ್ಕಗಳನ್ನು ಒಬ್ಬರು ಬದುಕಿ ತೋರಿಸಿದ್ದನ್ನು ಆಗ ನಾನು ಕಂಡೆ. ತಮ್ಮ ದೇಶವನ್ನೇ ಕಳೆದುಕೊಂಡವರಿಗೆ ಅದು ಸಾಧ್ಯವಾಗಿದೆ.

ಆದರೆ ನನ್ನ ತರಗತಿಯ ಟಿಬೆಟನ್ ಮಗುವೊಂದರ ಅಜ್ಜಿಗೆ ತನ್ನ ಹುಟ್ಟೂರಿನವರಿಗೆ ಕಂಬಳಿಯೊಂದನ್ನು ಕಳುಹಿಸುವ ದಾರಿಯೂ ಇರಲಿಲ್ಲ. ಕೊಡುವವರ ಉದ್ದೇಶವನ್ನು ಇಷ್ಟು ಕೆದಕುತ್ತಿದ್ದೇವೆ; ತನ್ನ ಜನಕ್ಕೆ ಬರುವ ನೆರವನ್ನು ಗಡಿಯಲ್ಲಿ ತಡೆಯುವ ಸರ್ಕಾರಗಳ ಉದ್ದೇಶವನ್ನೂ ಕೆದಕಬೇಡವೇ? 2008ರಲ್ಲಿ ನರ್ಗಿಸ್ ಚಂಡಮಾರುತದಿಂದ ಮ್ಯಾನ್ಮಾರಿನಲ್ಲಿ 1 ಲಕ್ಷ 30 ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಅಲ್ಲಿನ ಸೇನಾ ಆಡಳಿತವು ವಿದೇಶಿ ನೆರವು ಕಾರ್ಯಕರ್ತರನ್ನು ವಾರಗಟ್ಟಲೆ ಒಳಗೆ ಬಿಡಲಿಲ್ಲ.

1960ರ ಹೊತ್ತಿಗೆ ಅಂದಿನ ಮೈಸೂರು ರಾಜ್ಯ ಸರ್ಕಾರ ಈ ನಿರಾಶ್ರಿತರಿಗೆ ಸುಮಾರು 3,000 ಎಕರೆ ಕಾಡುಭೂಮಿ ಬಿಟ್ಟುಕೊಟ್ಟದ್ದರ ಹಿಂದೆ ದೆಹಲಿಯ ಚೀನಾ ನೀತಿಯ ಲೆಕ್ಕವೂ ಇದ್ದಿರಬೇಕು. ಇಂದು ಅಲ್ಲಿ ಜೋಳದ ಹೊಲಗಳ ನಡುವೆ ಶಾಲೆ, ಆಸ್ಪತ್ರೆಗಳಿವೆ.

ನಿವೃತ್ತ ಸುಬೇದಾರ್, ಶ್ರೀರಂಗಪಟ್ಟಣ

ಟೀಚರಮ್ಮ ಎತ್ತಿದ ಮಾತಿಗೆ ಒಂದು ಸೇರಿಸುತ್ತೇನೆ. 2005ರ ಅಕ್ಟೋಬರ್ 8ರಂದು ಕಾಶ್ಮೀರದಲ್ಲಿ ಭೂಕಂಪವಾಗಿ ಗಡಿಯಾಚೆ 70 ಸಾವಿರಕ್ಕೂ ಹೆಚ್ಚು ಜನ ಸತ್ತರು. ನಾವು ಡೇರೆ, ಕಂಬಳಿ, ಔಷಧ ಕಳುಹಿಸಿದೆವು, ಅವರು ಸ್ವೀಕರಿಸಿದರು. ಹೆಲಿಕಾಪ್ಟರ್ ಕೊಡುತ್ತೇವೆಂದಾಗ, ನಿಮ್ಮ ಪೈಲಟ್‌ಗಳಿಲ್ಲದೆ ಬರಲಿ ಎಂದರು. ನಮ್ಮ ಪೈಲಟ್‌ಗಳಿಲ್ಲದೆ ಕೊಡುವುದಿಲ್ಲ ಎಂದು ನಾವು ಹೇಳಿದೆವು. ಸೈನಿಕನಾಗಿ ಎರಡೂ ಕಡೆಯ ಅನುಮಾನ ನನಗೆ ಅರ್ಥವಾಗುತ್ತದೆ. ಬೆಟ್ಟದ ಮೇಲೆ ಮುರಿದ ಕಾಲಿನೊಂದಿಗೆ ಹೆಲಿಕಾಪ್ಟರಿಗೆ ಕಾಯುತ್ತಿದ್ದವನಿಗೆ ಅದು ಅರ್ಥವಾಗಬೇಕಿರಲಿಲ್ಲ.

2018ರಲ್ಲಿ ಕೇರಳದ ಪ್ರವಾಹಕ್ಕೆ ವಿದೇಶಿ ಸರ್ಕಾರಗಳ ಹಣ ಬೇಡವೆಂದ ನಾವು, 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಆಮ್ಲಜನಕಕ್ಕಾಗಿ ಹತ್ತಾರು ದೇಶಗಳ ನೆರವು ಪಡೆದೆವು. ಆಗ ಕೀನ್ಯಾ ದೇಶ 12 ಟನ್ ಚಹಾ, ಕಾಫಿ, ಕಡಲೆಕಾಯಿ ಕಳುಹಿಸಿತು, ದುಡಿಯುತ್ತಿರುವ ವೈದ್ಯರು ದಣಿವಾರಿಸಿಕೊಳ್ಳಲೆಂದು. ನಮ್ಮಲ್ಲಿ ಕೆಲವರು ಅದನ್ನು ಕಂಡು ನಕ್ಕರು. ನಗಬಾರದಿತ್ತು.

ಕುವೆಂಪುನಗರದ ನಿವೃತ್ತ ಉಪನ್ಯಾಸಕ, ಮೈಸೂರು

ಸುಬೇದಾರರೇ, ನಿಮ್ಮ ನೋವನ್ನು ನಾನು ಹಗುರವಾಗಿ ಕಂಡೆನೆಂದು ಭಾವಿಸಬೇಡಿ. ಟರ್ಕಿಯ ಚರಿತ್ರೆಯಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 1999ರ ಆಗಸ್ಟ್ 17ರಂದು ಇಜ್ಮಿತ್ ಭೂಕಂಪದಲ್ಲಿ 17 ಸಾವಿರಕ್ಕೂ ಹೆಚ್ಚು ಜನ ಸತ್ತಾಗ, ಆ ದೇಶಕ್ಕೆ ಮೊದಲು ಓಡಿ ಬಂದವರಲ್ಲಿ ಅದರ ಬದ್ಧವೈರಿ ಗ್ರೀಸ್ ಇತ್ತು. ತಿಂಗಳೊಳಗೆ ಅಥೆನ್ಸಿನಲ್ಲಿ ನೆಲ ನಡುಗಿತು. ಟರ್ಕಿಯ ರಕ್ಷಣಾ ತಂಡ ಅಲ್ಲಿಗೆ ಹೋಯಿತು. ಜನರು ಪರಸ್ಪರ ರಕ್ತದಾನಕ್ಕೆ ಮುಂದಾದರು. ಅದೇ ಡಿಸೆಂಬರಿನಲ್ಲಿ ಟರ್ಕಿಯು ಐರೋಪ್ಯ ಒಕ್ಕೂಟದ ಅಭ್ಯರ್ಥಿಯಾಗುವುದಕ್ಕೆ ಗ್ರೀಸ್ ತನ್ನ ವಿರೋಧ ಬಿಟ್ಟಿತು. ಆದರೆ ಏಜಿಯನ್ ಸಮುದ್ರದ ಗಡಿ ಜಗಳ, ಸೈಪ್ರಸ್ ಜಗಳ ಎರಡೂ ಇಂದಿಗೂ ತೀರಿಲ್ಲ. 2023ರಲ್ಲಿ ಮತ್ತೆ ಭೂಕಂಪವಾದಾಗ, ಆ ಜಗಳಗಳೆಲ್ಲ ಹಾಗೆಯೇ ಇದ್ದಾಗಲೂ, ಗ್ರೀಕ್ ರಕ್ಷಕರು ಮತ್ತೆ ಹೋದರು. ನೆರವಿನಿಂದ ನೆರೆಯವರ ರಾಜಕೀಯ ಬದಲಾಗಬೇಕೆಂದು ಅವರು ಕಾದು ಕುಳಿತಿದ್ದರೆ ಎರಡನೆಯ ಸಲ ಹೋಗುತ್ತಿರಲಿಲ್ಲ.

ನೇಪಾಳದಲ್ಲಿ ನಮಗೇ ಆದದ್ದನ್ನೂ ನೆನೆಯಬೇಕು. 2015ರ ಏಪ್ರಿಲ್ 25ರ ಭೂಕಂಪಕ್ಕೆ ‘ಆಪರೇಷನ್ ಮೈತ್ರಿ’ ಹೆಸರಿನಲ್ಲಿ ನಮ್ಮ ವಿಮಾನಗಳು ಕೆಲವೇ ಗಂಟೆಗಳಲ್ಲಿ ಹೋದವು. ಆದರೆ ಮನೆ ಕಳೆದುಕೊಂಡವರ ಮುಖಕ್ಕೆ ಮೈಕ್ ಹಿಡಿದು ಭಾರತದ ಉಪಕಾರವನ್ನು ಹೊಗಳಿಸಲು ಹೊರಟ ನಮ್ಮ ಕೆಲವು ಸುದ್ದಿವಾಹಿನಿಗಳನ್ನು ಕಂಡು ನೇಪಾಳಿಗಳು ‘ಮನೆಗೆ ಹೋಗಿ’ ಎಂದರು. ಆ ಸೆಪ್ಟೆಂಬರಿನಲ್ಲಿ ಗಡಿಯಲ್ಲಿ ಇಂಧನ, ಔಷಧಗಳ ಸಾಗಣೆ ನಿಂತಿತು. ಗಡಿ ಮುಚ್ಚಿದವರು ಪ್ರತಿಭಟನೆ ಮಾಡುತ್ತಿದ್ದ ಮಧೇಶಿಗಳು, ಅಂದರೆ ನೇಪಾಳದ ದಕ್ಷಿಣ ಬಯಲಿನ ಜನ, ಎಂದು ಭಾರತವೂ, ಭಾರತವೇ ಎಂದು ನೇಪಾಳವೂ ಹೇಳಿದವು. ಭೂಕಂಪದಲ್ಲಿ ಮನೆ ಕಳೆದುಕೊಂಡು ತಗಡಿನ ಸೂರಿನಡಿ ಚಳಿಗಾಲ ಕಳೆಯಬೇಕಾದ ಕುಟುಂಬಗಳಿಗೆ ಅಡುಗೆ ಅನಿಲ ಸಿಗಲಿಲ್ಲ. ಏಪ್ರಿಲಿನಲ್ಲಿ ಗಳಿಸಿದ ಹೆಸರು ಆ ಚಳಿಗಾಲಕ್ಕೆ ಉಳಿಯಲಿಲ್ಲ. ಟರ್ಕಿಯ ಕೃತಘ್ನತೆಯನ್ನು ಕುರಿತು ಮಾತನಾಡುವಾಗ ನೇಪಾಳದ ಮನೆಯೊಂದರಲ್ಲಿ ನಮ್ಮ ಬಗ್ಗೆ ನಡೆಯುವ ಮಾತನ್ನೂ ಕೇಳಿಸಿಕೊಳ್ಳುವ ಧೈರ್ಯ ನಮಗಿರಬೇಕು.

ಉದ್ದೇಶ ಶುದ್ಧವಿಲ್ಲದಿದ್ದರೆ ನೆರವೇ ಬೇಡ ಎನ್ನುವವರಿಗೆ ನನ್ನ ಬಳಿ ಒಂದೇ ಉತ್ತರವಿದೆ, ಮ್ಯಾನ್ಮಾರಿನ ಮಾಂಡಲೆ ನಗರ. 1961ರಿಂದ ಅಮೆರಿಕದ ನೆರವನ್ನು ನಡೆಸಿಕೊಂಡು ಬಂದಿದ್ದ ಯುಎಸ್‌ಏಡ್ ಸಂಸ್ಥೆ ತನ್ನ ದೇಶದ ಹಿತಕ್ಕಾಗಿಯೇ ಕೆಲಸ ಮಾಡುತ್ತಿತ್ತೆಂಬುದು ಗುಟ್ಟೇನಲ್ಲ. 2025ರ ಆರಂಭದಲ್ಲಿ ಅದನ್ನು ಕಳಚಿಹಾಕಿದರು. ಆ ಮಾರ್ಚ್ 28ರಂದು ಮ್ಯಾನ್ಮಾರಿನಲ್ಲಿ 7.7 ತೀವ್ರತೆಯ ಭೂಕಂಪವಾದಾಗ ಅಲ್ಲಿಗೆ ಹೋದ ಅಮೆರಿಕದ ತಂಡದಲ್ಲಿ ಮೂರೇ ಜನರಿದ್ದರು; ಅವರಿಗೂ ಕೆಲಸದಿಂದ ತೆಗೆದಿದ್ದೇವೆಂಬ ಸಂದೇಶ ಅಲ್ಲಿದ್ದಾಗಲೇ ತಲುಪಿತು. ಭಾರತ ‘ಆಪರೇಷನ್ ಬ್ರಹ್ಮ’ದಡಿ ಕ್ಷೇತ್ರ ಆಸ್ಪತ್ರೆ ಕಳುಹಿಸಿತು, ಚೀನಾ ಹಣ ಮತ್ತು ರಕ್ಷಕರನ್ನು ಕಳುಹಿಸಿತು. ಇಬ್ಬರಿಗೂ ಅವರವರ ಲೆಕ್ಕಗಳಿದ್ದವು, ಮ್ಯಾನ್ಮಾರ್ ಇಬ್ಬರಿಗೂ ಗಡಿಯ ದೇಶ. ಲೆಕ್ಕವಿಟ್ಟುಕೊಂಡು ಬಂದವರು ಅಲ್ಲಿದ್ದರು. ಲೆಕ್ಕ ಹರಿದುಹಾಕಿದವರು ಹೆಸರಿಗಷ್ಟೇ ಬಂದರು.

ವಿಜಯನಗರದ ಐಟಿ ಉದ್ಯೋಗಿ, ಮೈಸೂರು

ಎಲ್ಲರಿಗೂ ಧನ್ಯವಾದಗಳು. ಡಾಕ್ಟರಮ್ಮ ಅವರಲ್ಲಿ ಒಂದು ಕೋರಿಕೆ. ನಮ್ಮ ಕಚೇರಿಯಲ್ಲಿ ಇಂಥ ಸಂದರ್ಭಗಳಿಗೆಂದು ಹಣ ಕೂಡಿಸುವ ಮಾತು ನಡೆದಿದೆ. ಅದನ್ನು ಹೇಗೆ ಕೊಟ್ಟರೆ ಒಳ್ಳೆಯದು?

ಮಂಡ್ಯದ ವೈದ್ಯೆ

ವಸ್ತುಗಳನ್ನು ಬಿಟ್ಟು ಹಣವನ್ನೇ ಕೊಡಿ. ಅಲ್ಲಿ ಭೂಕಂಪಕ್ಕೆ ಮುಂಚಿನಿಂದಲೂ ಇದ್ದು ಕೆಲಸ ಮಾಡುತ್ತಿದ್ದ ಸಂಸ್ಥೆಗಳಿಗೆ ತಲುಪುವಂತೆ ನೋಡಿಕೊಳ್ಳಿ, ಅವರ ಲೆಕ್ಕಪತ್ರ ಬಹಿರಂಗವಾಗಿದೆಯೇ ಎಂದು ಪರಿಶೀಲಿಸಿ. ವಿದೇಶಕ್ಕೆ ನೇರವಾಗಿ ಕಳುಹಿಸುವುದಾದರೆ ಬ್ಯಾಂಕಿನ ಮೂಲಕವೇ ಆಗಬೇಕು; ಅದಕ್ಕೆ ಪ್ಯಾನ್ ಸಂಖ್ಯೆ ಬೇಕು, ವಿದೇಶಿ ಸಂಸ್ಥೆಗೆ ಕೊಟ್ಟ ದಾನಕ್ಕೆ ಇಲ್ಲಿ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಕೂಡಿಸಿದ್ದೆಲ್ಲವನ್ನೂ ಮೊದಲ ವಾರದಲ್ಲೇ ಕೊಟ್ಟು ಮುಗಿಸಬೇಡಿ. ಆಗ ಎಲ್ಲರೂ ಕೊಡುತ್ತಿರುತ್ತಾರೆ. ಆರನೆಯ ತಿಂಗಳ ಹೊತ್ತಿಗೆ ಕೃತಕ ಕಾಲು ಬೇಕಾದವರು, ಫಿಸಿಯೋಥೆರಪಿ ನಡುವೆಯೇ ನಿಂತವರು, ಡೇರೆಯಲ್ಲೇ ಹೆರಿಗೆಯಾಗಬೇಕಾದವರು ಉಳಿದಿರುತ್ತಾರೆ, ಚಿತ್ರ ತೆಗೆಯುವವರು ಹೊರಟುಹೋಗಿರುತ್ತಾರೆ. ಅರ್ಧವನ್ನು ಅವರಿಗಾಗಿ ತೆಗೆದಿಡಿ.

ಮತ್ತೆ ಹೆರಾತ್ ವಿಷಯ. ಅಫ್ಗಾನಿಸ್ತಾನದಲ್ಲಿ 2025ರ ಆಗಸ್ಟ್ 31ರಂದು ಕುನಾರ್ ಕಡೆಯಲ್ಲಿ ಇನ್ನೊಂದು ಭೂಕಂಪವಾಗಿ 2 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಭಾರತದಿಂದ ಸಾವಿರ ಡೇರೆಗಳು ಹೋಗಿವೆ. ಅಲ್ಲಿನ ಸರ್ಕಾರದ ಬಗ್ಗೆ ನನಗೂ ತೀವ್ರ ವಿರೋಧವಿದೆ, ಹೆಣ್ಣುಮಕ್ಕಳನ್ನು ವೈದ್ಯಕೀಯ ಓದಿನಿಂದಲೂ ಹೊರಗಿಟ್ಟ ಸರ್ಕಾರ ಅದು. ಗಾಯಗೊಂಡ ಹೆಂಗಸರನ್ನು ನೋಡಲು ವೈದ್ಯೆಯರು ಸಾಲುತ್ತಿಲ್ಲವಾದ್ದರಿಂದ, ಅಲ್ಲಿ ಮಹಿಳಾ ಸಿಬ್ಬಂದಿಯನ್ನು ಇಟ್ಟುಕೊಂಡು ಕೆಲಸ ಮಾಡುತ್ತಿರುವ ಆಸ್ಪತ್ರೆಗಳಿಗೆ ಕೊಡುವ ಬಗ್ಗೆ ನಿಮ್ಮ ಕಚೇರಿಯವರೊಡನೆ ಮಾತನಾಡಿ ನೋಡಿ, ತಂಗಿ.